ನಿಮ್ಮ ತಂದೆ ಮರೆಯದ ಆ ದೃಶ್ಯ, ಮತ್ತು ಟಿವಿಯಲ್ಲಿ ಹುಡುಕಿ ನೋಡಬೇಕಾದ ಕೆಲವು ಕನ್ನಡ ಚಿತ್ರಗಳು

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಂಡಿನೋವಿನಿಂದ ಓಡಾಟ ಕಡಿಮೆಯಾಗಿ ಈಗ ಹೆಚ್ಚು ಹೊತ್ತು ಟಿವಿಯ ಮುಂದೆಯೇ ಇರುತ್ತಾರೆ. ಹಾಕಿದ ಚಿತ್ರಗಳನ್ನೇ ಮತ್ತೆ ಮತ್ತೆ ಹಾಕುತ್ತಾರೆ ಎಂದು ಅವರಿಗೆ ಬೇಸರ. ಅಷ್ಟಾಗಿ ಯಾರೂ ಮಾತನಾಡದ, ಆದರೆ ನೋಡಲೇಬೇಕಾದ ಹಳೆಯ ಕನ್ನಡ ಚಿತ್ರಗಳು ಯಾವುವು? ಒಮ್ಮೆ ಹಳೆಯದೊಂದು 'ಪ್ರಶಸ್ತಿ ಚಿತ್ರ' ಹಾಕಿಕೊಂಡು ಕುಳಿತೆವು. ತೆರೆಯೆಲ್ಲ ಕತ್ತಲೆ, ಮುಖಗಳು ಅಡ್ಡಡ್ಡ ಹಿಗ್ಗಿದಂತೆ, ಮಾತು ಕೇಳಿಸದು. ಹದಿನೈದು ನಿಮಿಷದಲ್ಲಿ ಎದ್ದುಬಿಟ್ಟೆವು. ತಪ್ಪು ನಮ್ಮದೋ ಚಿತ್ರದ್ದೋ? ಇನ್ನೊಂದು ವಿಷಯ: ತಂದೆಯವರು ಸಾಗರದಲ್ಲಿ ಕೆಲಸದಲ್ಲಿದ್ದಾಗ ಒಂದು ಕಪ್ಪು ಬಿಳುಪು ಚಿತ್ರ ನೋಡಿದ್ದರಂತೆ. ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗ ಅಪ್ಪನ ಜೊತೆ ಊರು ಬಿಟ್ಟು ಹೊರಡುವಾಗ, ತಲೆ ಬೋಳಿಸಿದ ಹೆಂಗಸೊಬ್ಬಳು ಮರದ ಕೆಳಗೆ ಕುಳಿತಿರುತ್ತಾಳಂತೆ. ಹೆಸರು ನೆನಪಿಲ್ಲ. ಅದು ಯಾವ ಚಿತ್ರ? — ಓದುಗರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನಿಮ್ಮ ತಂದೆ ನೋಡಿದ್ದು 'ಘಟಶ್ರಾದ್ಧ'. 1977ರ ಚಿತ್ರ, ಯು.ಆರ್. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ. ಆ ಹುಡುಗನ ಹೆಸರು ನಾಣಿ. ಮರದ ಕೆಳಗೆ ಕುಳಿತವಳು ಯಮುನಕ್ಕ. ಸಾಗರದ ನೆನಪು ಎಂದಿದ್ದೀರಿ. ಅದಕ್ಕೂ ಅರ್ಥವಿದೆ: ಪಕ್ಕದ ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಂ ಚಿತ್ರಸಮಾಜ ಶುರುವಾಗಿತ್ತು. ಆ ಸೀಮೆಯಲ್ಲಿ ಅಡಿಕೆ ಸುಲಿಯುವವರೂ ಅಂಚೆಯವರೂ ಮಾಸ್ತರರೂ ಒಟ್ಟಿಗೆ ಕುಳಿತು ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿದ ಕಾಲ ಅದು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಒಂದು ದೃಶ್ಯ ಒಬ್ಬರ ಮನಸ್ಸಿನಲ್ಲಿ ಉಳಿದಿದೆ ಎಂದರೆ, 'ಅಂಥ ಚಿತ್ರಗಳು ಜನಕ್ಕೆ ಅರ್ಥವಾಗುವುದಿಲ್ಲ' ಎನ್ನುವ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ನೀವು ಹದಿನೈದು ನಿಮಿಷಕ್ಕೆ ಎದ್ದುಹೋದದ್ದು ನಿಮ್ಮ ತಪ್ಪಲ್ಲ, ಚಿತ್ರದ ತಪ್ಪೂ ಅಲ್ಲ. ಅದು ಬಂದು ತಲುಪಿದ ರೀತಿಯ ತಪ್ಪು. ಮೂವತ್ತೈದು ವರ್ಷ ಒಂದು ತಾಲ್ಲೂಕು ಊರಿನಲ್ಲಿ ಚಿತ್ರಸಮಾಜ ನಡೆಸಿದವನಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಇದು ಸರಿಹೋಗದೆ ನಾನು ಎಷ್ಟು ಹೆಸರು ಹೇಳಿದರೂ ನಿಮಗೆ ಉಪಯೋಗವಿಲ್ಲ.

ಆ ಕಾಲದ ಕಪ್ಪು ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಹಳೆಯ ಡಬ್ಬಿ ಟಿವಿಯ ತೆರೆಯೂ ಅದೇ ಆಕಾರದಲ್ಲಿತ್ತು, ಆದ್ದರಿಂದ ಅದರಲ್ಲಿ ಅವು ಸರಿಯಾಗಿ ಕೂರುತ್ತಿದ್ದವು. ಈಗಿನ ಅಗಲ ಟಿವಿ ಆ ಚೌಕವನ್ನು ಎಳೆದು ಎರಡೂ ಪಕ್ಕ ತುಂಬಿಸುತ್ತದೆ. ಹಾಗಾಗಿ ಕಲ್ಪನಾ ಅವರ ಮುಖ ಕುಂಬಳಕಾಯಿಯಂತೆ ಕಾಣುತ್ತದೆ. ಕೆಲವು ವಾಹಿನಿಗಳು ಎಳೆಯುವ ಬದಲು ಮೇಲೆ ಕೆಳಗೆ ಕತ್ತರಿಸಿಬಿಡುತ್ತವೆ. ಆಗ ನಿಂತವರ ಹಣೆ ಹೋಗುತ್ತದೆ, ಕುಳಿತವರ ಕೈ ಹೋಗುತ್ತದೆ. ಕತ್ತರಿಸಿದ್ದನ್ನು ನೀವು ಸರಿಪಡಿಸಲಾಗದು. ಎಳೆದದ್ದನ್ನು ಸರಿಪಡಿಸಬಹುದು: ರಿಮೋಟ್‌ನಲ್ಲಿ ಚಿತ್ರದ ಆಕಾರ ಬದಲಿಸುವ ಆಯ್ಕೆ ಇರುತ್ತದೆ, ಅದನ್ನು 4:3ಕ್ಕೆ ಇಡಿ. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬರುತ್ತದೆ. ಬರಲಿ. ಆ ಪಟ್ಟಿ ಕಂಡರೆ ಚಿತ್ರ ಪೂರ್ತಿ ಇದೆ ಎಂದು ತಿಳಿಯಿರಿ. ಕನ್ನಡಕ್ಕೆ ಅಗಲ ತೆರೆಯ ಸಿನಿಮಾಸ್ಕೋಪ್ ಬಂದದ್ದೇ 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದೊಂದಿಗೆ. ಆದ್ದರಿಂದ ಅದಕ್ಕಿಂತ ಹಳೆಯ ಕನ್ನಡ ಚಿತ್ರವೊಂದು ನಿಮ್ಮ ಟಿವಿಯ ಅಂಚಿನಿಂದ ಅಂಚಿಗೆ ತುಂಬಿ ಕಂಡರೆ, ಎಲ್ಲೋ ಎಳೆದಿದ್ದಾರೆ ಅಥವಾ ಕತ್ತರಿಸಿದ್ದಾರೆ ಎಂದೇ ಅರ್ಥ.

ಬಣ್ಣದ ಆಯ್ಕೆಯಲ್ಲಿ 'ವಿವಿಡ್' ಎಂದಿದ್ದರೆ ತೆಗೆದು 'ಸಿನಿಮಾ' ಎಂದು ಮಾಡಿ. ಇಲ್ಲವಾದರೆ ಕಪ್ಪು ಬಿಳುಪಿಗೆ ನೀಲಿ ಛಾಯೆ ಬಂದು ಬೂದುಬಣ್ಣದ ಹದವೆಲ್ಲ ಕೆಡುತ್ತದೆ. ಚಲನೆಯನ್ನು ನುಣುಪು ಮಾಡುವ ಸೌಲಭ್ಯವೊಂದಿರುತ್ತದೆ, ಅದನ್ನೂ ಆಫ್ ಮಾಡಿ. ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಸದ್ದಿಗೆ ಮಾತು ಸ್ಪಷ್ಟವಾಗುವ ಆಯ್ಕೆ ಇಡಿ. ಮತ್ತು ದಯವಿಟ್ಟು ಕಿಟಕಿಯ ಪರದೆ ಎಳೆದು, ಸಂಜೆ ದೀಪ ಸಣ್ಣದು ಮಾಡಿ ನೋಡಿ. ಮಧ್ಯಾಹ್ನದ ಬಿಸಿಲು ಬೀಳುವ ಹಜಾರದಲ್ಲಿ 'ಘಟಶ್ರಾದ್ಧ' ಹಾಕಿದರೆ ನಿಮ್ಮ ಮನೆಯ ಸೋಫಾದ ಪ್ರತಿಬಿಂಬವನ್ನೇ ನೋಡುತ್ತೀರಿ.

ಇನ್ನೊಂದು ಸೂಕ್ಷ್ಮ ಇದೆ. ಚಿತ್ರಮಂದಿರದಲ್ಲಿ ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ನಮ್ಮ ಹಳೆಯ ಟಿವಿ ಪದ್ಧತಿಗೆ 25 ಬೇಕಾಗಿತ್ತು. ಹಿಂದೆ ಟಿವಿಗಾಗಿ ಮಾಡಿಕೊಂಡ ಪ್ರತಿಗಳಲ್ಲಿ 24ನ್ನೇ 25ರ ವೇಗದಲ್ಲಿ ಓಡಿಸಿಬಿಟ್ಟಿರುತ್ತಾರೆ. ಎರಡು ಗಂಟೆಯ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿ ಒಂದಿಷ್ಟು ಏರುತ್ತದೆ. ರೇಡಿಯೋದಲ್ಲಿ ಕೇಳಿ ಕೇಳಿ ಕಿವಿ ಪಳಗಿದವರಿಗೆ 'ಪಿ.ಬಿ. ಶ್ರೀನಿವಾಸ್ ಧ್ವನಿ ಯಾಕೋ ತೆಳ್ಳಗಾಗಿದೆಯಲ್ಲ' ಅನ್ನಿಸಬಹುದು. ನಿಮ್ಮ ತಂದೆ ಹಾಗೆ ಹೇಳಿದರೆ ಅವರ ಕಿವಿ ಚೆನ್ನಾಗಿಯೇ ಇದೆ.

ಈಗ ಚಿತ್ರಗಳಿಗೆ ಬರುತ್ತೇನೆ.

'ಸಂಸ್ಕಾರ'ದಿಂದ ಶುರು ಮಾಡಬೇಡಿ. ಎಲ್ಲ ಪಟ್ಟಿಗಳಲ್ಲೂ ಮೊದಲು ಬರುವುದು ಅದೇ. 1970ರಲ್ಲಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದರೆ ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ತಂದ ಚಿತ್ರ, ಅದರ ಮಹತ್ವದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದು ವಾದ ಮಾಡುವ ಚಿತ್ರ. ಹೊಸದಾಗಿ ಕುಳಿತವರಿಗೆ ಅಗ್ರಹಾರದ ಚರ್ಚೆಯೇ ಮುಂದೆ ನಿಂತು, ಸ್ನೇಹಲತಾ ರೆಡ್ಡಿಯವರ ಚಂದ್ರಿ ಹಿಂದೆ ಸರಿದುಬಿಡುತ್ತಾಳೆ. ಐದಾರು ಚಿತ್ರ ನೋಡಿ ಕಣ್ಣು ಹದಗೊಂಡ ಮೇಲೆ ನೋಡಿದರೆ ಅದರ ಬಿರುಸು ತಾಗುತ್ತದೆ.

ಶುರು ಮಾಡಬೇಕಾದದ್ದು 'ನಾಂದಿ'ಯಿಂದ. 1964ರ ಚಿತ್ರ. ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಕಥಾಚಿತ್ರ. 'ಹಾಡೊಂದ ಹಾಡುವೆ ನೀ ಕೇಳು ಮಗುವೆ' ಎನ್ನುವ ಜೋಗುಳ ಕೇಳದ ಕನ್ನಡಿಗರು ಕಡಿಮೆ; ಆದರೆ ಅದು ಬಂದದ್ದು ಈ ಚಿತ್ರದಿಂದ ಎಂದು ಗೊತ್ತಿರುವವರಲ್ಲೂ ಚಿತ್ರವನ್ನು ನೋಡಿದವರು ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ರಾಜ್‌ಕುಮಾರ್ ಇಲ್ಲಿ ಶಾಲೆಯ ಮಾಸ್ತರ. ಕಿರೀಟವಿಲ್ಲ, ಕತ್ತಿಯಿಲ್ಲ, ಸಂಬಳಕ್ಕೆ ಲೆಕ್ಕ ಹಾಕಿ ಬದುಕುವ ಮನುಷ್ಯ. ಮೊದಲ ಹೆಂಡತಿ, ಕಲ್ಪನಾ, ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಆಮೇಲೆ ಮನೆಗೆ ಬರುವವಳು ಹರಿಣಿ. ಅವಳಿಗೆ ಕಿವಿ ಕೇಳದು, ಮಾತು ಬಾರದು. ಪೌರಾಣಿಕ ಮತ್ತು ಐತಿಹಾಸಿಕ ಚಿತ್ರಗಳದೇ ಭರಾಟೆಯಿದ್ದ ಹೊತ್ತಿನಲ್ಲಿ ಹೀಗೊಂದು ಸಂಸಾರದ ಕಥೆಯನ್ನು ಇಷ್ಟು ತಗ್ಗಿದ ದನಿಯಲ್ಲಿ ಹೇಳಿದ ಧೈರ್ಯ ದೊಡ್ಡದು. ಜೋಗುಳ ಕೇಳಿಸಿಕೊಳ್ಳಲಾರದ ತಾಯಿ ಇರುವ ಮನೆಯಲ್ಲಿ ಜೋಗುಳ ಎಂದರೇನು? ಹಾಡು ಬಾಯಿಪಾಠವಿದ್ದವರೂ ಚಿತ್ರ ನೋಡಿದ ಮೇಲೆ ಅದನ್ನು ಹಿಂದಿನ ಹಾಗೆ ಕೇಳಲಾರರು. ಹರಿಣಿಯವರ ಕಣ್ಣುಗಳನ್ನು ನೋಡಿ. ಎದುರಿನವರ ತುಟಿಯ ಮೇಲೇ ನೆಟ್ಟಿರುವ ಆ ನೋಟ ಟಿವಿಯ ಸಣ್ಣ ತೆರೆಗೇ ಹೇಳಿ ಮಾಡಿಸಿದಂತಿದೆ.

ಲಕ್ಷ್ಮೀನಾರಾಯಣ್ ಅವರ ಹೆಸರನ್ನು ನಾವು ಅನ್ಯಾಯವಾಗಿ ಮರೆತಿದ್ದೇವೆ ಎನ್ನುವುದು ನನ್ನ ಹಳೆಯ ಸಂಕಟ. ಕನ್ನಡದ ಹೊಸ ಅಲೆ 1970ರಲ್ಲಿ ಹುಟ್ಟಿತು ಎಂದು ಬರೆಯುವವರು ಅದಕ್ಕೆ ಆರು ವರ್ಷ ಮೊದಲೇ ನೆಲ ಉತ್ತಿಟ್ಟವರನ್ನು ಬಿಟ್ಟುಬಿಡುತ್ತಾರೆ. 'ಉಯ್ಯಾಲೆ' ಸಿಕ್ಕರೆ ನೋಡಿ. 'ಬೆಟ್ಟದ ಹೂವು' ನಿಮಗೆ ಗೊತ್ತೇ ಇರುತ್ತದೆ, ಪುನೀತ್ ಬಾಲನಟರಾಗಿ ರಾಷ್ಟ್ರಪ್ರಶಸ್ತಿ ಪಡೆದದ್ದು ಅದಕ್ಕೇ. ನಿಮ್ಮ ತಂದೆಯವರಿಗಾಗಿ ವಿಶೇಷವಾಗಿ ಹೇಳಬೇಕಾದದ್ದು 'ಅಬಚೂರಿನ ಪೋಸ್ಟಾಫೀಸು', 1973ರದ್ದು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಮಲೆನಾಡಿನ ಸಣ್ಣ ಊರಿನಲ್ಲಿ ಅಂಚೆಯ ಕೆಲಸ ಹೊತ್ತ ಬೋಬಣ್ಣನಿಗೆ ಊರವರ ಪತ್ರಗಳ ಒಳಗೇನಿದೆ ಎಂಬ ಕುತೂಹಲ ಹತ್ತಿಕೊಳ್ಳುತ್ತದೆ. ಅಂಚೆಚೀಲ ಬಿಚ್ಚಿ, ಮುದ್ರೆ ಒತ್ತಿ, ಪತ್ರ ವಿಂಗಡಿಸಿದ ಕೈಗಳಿಗೆ ಈ ಚಿತ್ರ ಬೇರೆಯದೇ ರೀತಿಯಲ್ಲಿ ಮಾತನಾಡುತ್ತದೆ.

ಎರಡನೆಯ ವಾರಕ್ಕೆ 'ಬ್ಯಾಂಕರ್ ಮಾರ್ಗಯ್ಯ'. ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನು ಟಿ.ಎಸ್. ನಾಗಾಭರಣ 1983ರಲ್ಲಿ ಚಿತ್ರ ಮಾಡಿದರು. ಸಹಕಾರಿ ಬ್ಯಾಂಕಿನ ಎದುರು ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು, ಬ್ಯಾಂಕಿಗೆ ಬಂದ ರೈತರಿಗೆ ಅರ್ಜಿ ತುಂಬಿಕೊಟ್ಟು ಸಾಲದ ದಾರಿ ತೋರಿಸುವವನ ಕಥೆ. ಲೋಕೇಶ್ ಎನ್ನುವ ನಟನನ್ನು ನೀವು 'ಭೂತಯ್ಯನ ಮಗ ಅಯ್ಯು', 'ಪರಸಂಗದ ಗೆಂಡೆತಿಮ್ಮ'ಗಳಲ್ಲಿ ನೋಡಿ ಮೆಚ್ಚಿರುತ್ತೀರಿ. ಅವರ ಅಭಿನಯದ ತುದಿ ಯಾವುದು ಎಂದು ಕೇಳಿದರೆ ನಾನು ಮಾರ್ಗಯ್ಯನನ್ನೇ ತೋರಿಸುತ್ತೇನೆ. ಬ್ಯಾಂಕಿನವರ ಎದುರು ಕುಗ್ಗುವಾಗ ಅವರ ಭುಜ ಹೇಗಿರುತ್ತದೆ, ಸಾಲ ಕೇಳುವವನ ಎದುರು ಅದೇ ಭುಜ ಹೇಗಾಗುತ್ತದೆ, ಗಮನಿಸಿ. ಹೆಂಡತಿಯಾಗಿ ಜಯಂತಿ ಇದ್ದಾರೆ. ದುಡ್ಡು ಬೆಳೆಯುತ್ತಾ ಹೋದಂತೆ ಮನೆ ಹೇಗೆ ಬರಿದಾಗುತ್ತದೆ ಎನ್ನುವುದನ್ನು ಹೆಚ್ಚು ಮಾತಿಲ್ಲದೆ ಹೇಳುವವರು ಅವರೇ. ನಗುತ್ತಾ ನೋಡಬಹುದಾದ ಚಿತ್ರ, ಆದ್ದರಿಂದ ಮನೆಯ ಹುಡುಗರೂ ಕೂರುತ್ತಾರೆ.

ಹುಡುಗರ ಮಾತು ಬಂದದ್ದರಿಂದ: ಅವರಿಗೆ ಹಳೆಯ ಚಿತ್ರವೆಂದರೆ ಅಲರ್ಜಿಯಿದ್ದರೆ ಶಂಕರ್ ನಾಗ್ ನಿರ್ದೇಶನದ 'ಆಕ್ಸಿಡೆಂಟ್' ಹಾಕಿ. ಎಂಬತ್ತರ ದಶಕದ ನಡುವಿನದು, ಒಂದೂ ಹಾಡಿಲ್ಲ. ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ದಾರಿಯಲ್ಲಿ ಮಲಗಿದ್ದವರ ಮೇಲೆ ಹರಿಸಿದ ರಾಜಕಾರಣಿಯ ಮಗ, ಅದನ್ನು ಮುಚ್ಚಿಹಾಕುವ ಅಪ್ಪ, ಬೆನ್ನು ಹತ್ತುವ ಪತ್ರಕರ್ತ. ನಿನ್ನೆಯ ಪತ್ರಿಕೆಯ ಸುದ್ದಿಯಂತಿದೆ. ನಗಬೇಕೆನಿಸಿದ ದಿನ 'ಉದ್ಭವ' ನೋಡಿ, 1990ರದ್ದು, ಅನಂತ್ ನಾಗ್ ಅವರದು. ರಸ್ತೆ ಅಗಲ ಮಾಡುವುದನ್ನು ತಪ್ಪಿಸಲು ಗಣಪತಿ ಉದ್ಭವವಾಗುವ ಕಥೆ. ಬೆಂಗಳೂರಿನ ಜನ ಅದನ್ನು ಮರೆಯಬಾರದಿತ್ತು.

ಅನಂತ್ ನಾಗ್ ಅವರದೇ 'ಬರ'ವನ್ನು ಮಾತ್ರ ನಗುವಿನ ಸಾಲಿಗೆ ಸೇರಿಸಬೇಡಿ. ಎಂ.ಎಸ್. ಸತ್ಯು ನಿರ್ದೇಶನ, ಕಥೆ ಅನಂತಮೂರ್ತಿಯವರದು. ಮಳೆಯಿಲ್ಲದ ಜಿಲ್ಲೆಗೆ ಬಂದ ಪ್ರಾಮಾಣಿಕ ಜಿಲ್ಲಾಧಿಕಾರಿ, ಅದನ್ನು ಬರಪೀಡಿತವೆಂದು ಘೋಷಿಸಲು ಅಡ್ಡ ಬರುವ ರಾಜಕೀಯ. ದಾವಣಗೆರೆಯ ಸುತ್ತಮುತ್ತ ಕೊಳವೆಬಾವಿಗಳು ಬತ್ತುವ ಬೇಸಿಗೆಯಲ್ಲಿ ಇದನ್ನು ನೋಡಿದರೆ ಹಳೆಯ ಚಿತ್ರ ಅನ್ನಿಸುವುದೇ ಇಲ್ಲ. ಸಂಗೀತದ ಅಭಿರುಚಿ ಮನೆಯಲ್ಲಿದ್ದರೆ ಜಿ.ವಿ. ಅಯ್ಯರ್ ಅವರ 'ಹಂಸಗೀತೆ' (1975) ಇದೆ. ತ.ರಾ.ಸು. ಕಾದಂಬರಿ, ನಿಮ್ಮ ನೆರೆಯ ಚಿತ್ರದುರ್ಗದ ಕಲ್ಲುಬಂಡೆಗಳು, ಬಾಲಮುರಳಿಕೃಷ್ಣ ಅವರ ಕಂಠ. ಕಥೆಯ ಓಟ ಅಲ್ಲಲ್ಲಿ ಕುಂಟುತ್ತದೆ, ಒಪ್ಪುತ್ತೇನೆ. ಆದರೂ ಹಾಡು ಶುರುವಾದೊಡನೆ ಎಲ್ಲ ಕ್ಷಮಿಸುತ್ತೇವೆ.

'ತಬರನ ಕಥೆ'ಯ ಬಗ್ಗೆ ಒಂದು ಎಚ್ಚರಿಕೆಯ ಮಾತು. 1986ರ ಸ್ವರ್ಣಕಮಲ, ಮತ್ತೆ ತೇಜಸ್ವಿಯವರ ಕಥೆ, ಮತ್ತೆ ಕಾಸರವಳ್ಳಿ. ನಿವೃತ್ತ ಜವಾನ ತಬರಶೆಟ್ಟಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ನಾನು ಇದನ್ನು ಪ್ರದರ್ಶಿಸಿದಾಗ ಮುಂದಿನ ಸಾಲಿನಲ್ಲಿದ್ದ ಪಿಂಚಣಿದಾರರೊಬ್ಬರು ಮಧ್ಯಂತರದಲ್ಲಿ ಎದ್ದು ಹೊರಗೆ ಹೋದರು. ಬೇಸರವಾಯಿತೇನೋ ಎಂದು ಹಿಂದೆ ಹೋಗಿ ನೋಡಿದರೆ ಕಂಬ ಹಿಡಿದು ನಿಂತಿದ್ದರು, ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ತಾವೇ ಒಳಗೆ ಬಂದು ಕುಳಿತರು. ಅದು ಅಷ್ಟು ನಿಜವಾದ ಚಿತ್ರ. ನಿಮ್ಮ ತಂದೆಯವರ ಜೊತೆಗೆ ಯಾರಾದರೂ ಇರುವಾಗ ಮಾತ್ರ ಹಾಕಿ, ಒಂಟಿಯಾಗಿರುವಾಗ ಬೇಡ.

ಹೆಂಗಸರು ಮಾಡಿದ, ಹೆಂಗಸರ ಬದುಕಿನ ಚಿತ್ರಗಳಲ್ಲಿ ಪ್ರೇಮಾ ಕಾರಂತರ 'ಫಣಿಯಮ್ಮ' (1983) ಬಿಡಬಾರದು. ಎಂ.ಕೆ. ಇಂದಿರಾ ಅವರ ಕಾದಂಬರಿ ಓದಿದವರು ಎಲ್ಲೆಲ್ಲೂ ಇದ್ದಾರೆ, ಚಿತ್ರ ನೋಡಿದವರು ಕಡಿಮೆ.

ಇವೆಲ್ಲ ಎಲ್ಲಿ ಸಿಗುತ್ತವೆ ಎಂದು ಕೇಳುತ್ತೀರಿ. ಎಂಬತ್ತರ ದಶಕದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳು ಬರುತ್ತಿದ್ದವು. ಊಟ ಮುಗಿಸಿ, ಭಾಷೆ ಗೊತ್ತಿಲ್ಲದಿದ್ದರೂ ಅಡಿಬರಹ ಓದುತ್ತಾ ಒಂದು ತಲೆಮಾರು ಹಾಗೆಯೇ ಸಿನಿಮಾ ಕಲಿಯಿತು. ಆ ನಿಯತ ಹೊತ್ತು ಈಗಿಲ್ಲ. ಹಳೆಯ ಚಿತ್ರಗಳನ್ನು ಸಿನಿಮಾ ವಾಹಿನಿಗಳು ಬೆಳಗಿನ ಜಾವಕ್ಕೋ ಮಧ್ಯರಾತ್ರಿಗೋ ತಳ್ಳುತ್ತವೆ. ಸೆಟ್ ಟಾಪ್ ಬಾಕ್ಸ್‌ನ ಕಾರ್ಯಕ್ರಮ ಪಟ್ಟಿಯನ್ನು ಭಾನುವಾರ ರಾತ್ರಿ ಒಮ್ಮೆ ಕುಳಿತು ವಾರಕ್ಕಾಗುವಷ್ಟು ನೋಡಿ, ಬೇಕಾದದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಜಾಹೀರಾತು ಬಂದಾಗ ಓಡಿಸಿಬಿಡಬಹುದು. ಚಂದನ ವಾಹಿನಿಗೆ ಪತ್ರ ಬರೆದು ಇಂಥ ಚಿತ್ರ ಬೇಕೆಂದು ಕೇಳಿ. ಕೇಳುವವರಿಲ್ಲವಾದ್ದರಿಂದಲೇ ಹಾಕುವವರೂ ಇಲ್ಲ. ಸ್ಮಾರ್ಟ್ ಟಿವಿ ಇದ್ದರೆ ಯೂಟ್ಯೂಬ್‌ನಲ್ಲಿ ಹುಡುಕಬಹುದು, ಆದರೆ ಒಂದೇ ಚಿತ್ರದ ಎರಡು ಮೂರು ಪ್ರತಿಗಳಿದ್ದರೆ ಅವಧಿ ಹೋಲಿಸಿ ನೋಡಿ. ನಾಲ್ಕೈದು ನಿಮಿಷದ ವ್ಯತ್ಯಾಸ ನಾನು ಮೇಲೆ ಹೇಳಿದ ವೇಗದ್ದಿರಬಹುದು. ಇಪ್ಪತ್ತು ನಿಮಿಷ ಕಡಿಮೆಯಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ.

ಟಿವಿಯ ಬಗ್ಗೆಯೇ ಒಂದು ಚಿತ್ರವಿದೆ, ಅದನ್ನು ಟಿವಿಯಲ್ಲೇ ನೋಡಬೇಕು. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008), ವೈದೇಹಿಯವರ ಕಥೆಯಿಂದ ಬಂದದ್ದು. ಕುಂದಾಪುರದ ಕಡೆಯ ಮೀನುಗಾರರ ದ್ವೀಪದಲ್ಲಿ ಗುಲಾಬಿ ಎಂಬ ಸೂಲಗಿತ್ತಿ. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಗುಡಿಸಿಲಿಗೆ ಬಣ್ಣದ ಟಿವಿ, ಡಿಶ್ ಬರುತ್ತದೆ. ಗಂಡಸರು ಕಡಲಿಗೆ ಹೋದ ಮೇಲೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಗುಲಾಬಿ ಮುಸ್ಲಿಂ ಹೆಂಗಸು. ಆದ್ದರಿಂದ ಕೆಲವರು ಒಳಗೆ ಬರುತ್ತಾರೆ, ಕೆಲವರು ಹೊರಗೇ ನಿಂತು ಇಣುಕಿ ನೋಡುತ್ತಾರೆ. ಹೊಸ್ತಿಲಿನ ಈ ಒಳಗು ಹೊರಗುಗಳಲ್ಲೇ ಕಾರ್ಗಿಲ್ ಕಾಲದ ಕರಾವಳಿ ಹೇಗೆ ಬಿರುಕು ಬಿಟ್ಟಿತು ಎನ್ನುವುದೆಲ್ಲ ಇದೆ. ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೆ. ಅವರನ್ನು ಹಾಸ್ಯಪಾತ್ರಗಳಲ್ಲಿ ಮಾತ್ರ ನೋಡಿದವರು ಸಿನಿಮಾ ನೋಡುವ ಗುಲಾಬಿಯ ಮುಖವನ್ನು ನೋಡಬೇಕು.

ಈಗ 'ಘಟಶ್ರಾದ್ಧ'ಕ್ಕೆ ಮರಳುತ್ತೇನೆ. ಮಲೆನಾಡಿನ ಉಡುಪರ ಮನೆಯ ವೇದಪಾಠಶಾಲೆಗೆ ಪುಟ್ಟ ನಾಣಿ ಬರುತ್ತಾನೆ. ಉಡುಪರ ವಿಧವೆ ಮಗಳು ಯಮುನಕ್ಕ ಅವನಿಗೆ ತಾಯಿಯಂತಾಗುತ್ತಾಳೆ. ಅವಳು ಬಸುರಿ ಎನ್ನುವುದು ದೊಡ್ಡ ಹುಡುಗರಿಗೆ, ಆಮೇಲೆ ಊರಿಗೆ ತಿಳಿಯುತ್ತದೆ. ನಾಣಿಗೆ ಮಾತ್ರ ಏನು ನಡೆಯುತ್ತಿದೆ ಎಂದು ಪೂರ್ತಿ ಗೊತ್ತಾಗುವುದಿಲ್ಲ, ಮತ್ತು ನಾವು ನೋಡುವುದೆಲ್ಲ ಅವನ ಎತ್ತರದಿಂದ. ಇರುಳಲ್ಲಿ ಯಮುನಕ್ಕ ಹುತ್ತದೊಳಗೆ ಕೈಯಿಡುವ ದೃಶ್ಯವಿದೆ. ಆಗ ತೆರೆಯ ಮೇಲೆ ಇರುವುದು ಹೆಚ್ಚಾಗಿ ಕತ್ತಲೆಯೇ, ಎಸ್. ರಾಮಚಂದ್ರ ಅವರ ಕ್ಯಾಮೆರಾ ಆ ಕತ್ತಲೆಯಲ್ಲಿ ಒಂದು ಕೈ, ಒಂದು ಕೆನ್ನೆ, ಇಷ್ಟನ್ನೇ ಬೆಳಗಿಸುತ್ತದೆ. ಮುಂದೆ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಆಗುಂಬೆಯ ಬೆಳಕನ್ನು ಹಿಡಿದವರೂ ಅವರೇ. ಸವೆದ ಪ್ರತಿಯಲ್ಲಿ, ತಪ್ಪು ಹೊಂದಾಣಿಕೆಯ ಟಿವಿಯಲ್ಲಿ ಅದೆಲ್ಲ ಮಸಿ ಬಳಿದಂತಾಗುತ್ತದೆ. ನೀವು ನೋಡಿದ್ದು ಯಾವ ಚಿತ್ರವೋ ಬರೆದಿಲ್ಲ, ಆದರೆ ಅದಕ್ಕೂ ಆದದ್ದು ಇದೇ ಇರಬೇಕು. ಬಿ.ವಿ. ಕಾರಂತರ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಎಷ್ಟು ಕಡೆ ಸುಮ್ಮನಿದೆ ಎನ್ನುವುದನ್ನೂ ಕೇಳಿಸಿಕೊಳ್ಳಿ.

ಸಂತೋಷದ ಸಂಗತಿಯೆಂದರೆ ಈ ಚಿತ್ರವನ್ನು ಹಳೆಯ ಚಿತ್ರಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿವೆ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನವಾಯಿತು. ಆ ಹೊಸ ಪ್ರತಿ ನಿಮ್ಮ ಹತ್ತಿರದ ಊರಿನ ಯಾವುದಾದರೂ ಚಿತ್ರೋತ್ಸವಕ್ಕೆ ಬಂದರೆ, ಮಂಡಿನೋವಿದ್ದರೂ ಆಟೋ ಮಾಡಿ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಸಿಕ್ಕ ಪ್ರತಿಯನ್ನೇ, ಪರದೆ ಎಳೆದು, 4:3ಕ್ಕೆ ಇಟ್ಟು ನೋಡಿ.

ಹಾಕುವ ಮೊದಲು ಒಂದು ಕೆಲಸ ಮಾಡಿ. ಆ ಕೊನೆಯ ದೃಶ್ಯದಲ್ಲಿ ತಮಗೆ ಏನೇನು ನೆನಪಿದೆ ಎಂದು ತಂದೆಯವರನ್ನು ಕೇಳಿ: ಯಮುನಕ್ಕ ಯಾವ ಕಡೆ ಮುಖ ಮಾಡಿ ಕುಳಿತಿದ್ದಳು, ನಾಣಿ ತಿರುಗಿ ನೋಡಿದನೇ, ಅಪ್ಪ ಅವನ ಕೈ ಹಿಡಿದಿದ್ದನೇ, ಸಂಗೀತವಿತ್ತೇ. ಅವರು ಹೇಳಿದ್ದನ್ನು ಹಾಗೆಯೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಚಿತ್ರ ಹಾಕಿ. ಅವರ ನೆನಪಿನಲ್ಲಿದ್ದದ್ದಕ್ಕೂ ತೆರೆಯ ಮೇಲೆ ಕಂಡದ್ದಕ್ಕೂ ಎಲ್ಲಿ ಹೊಂದಿತು, ಎಲ್ಲಿ ಬೇರೆಯಾಯಿತು ಎಂದು ನನಗೆ ಖಂಡಿತ ಬರೆದು ತಿಳಿಸಿ.